ಗೋಲು ಬಿಟ್ಟುಕೊಟ್ಟದ್ದು ಯಾರು?

ಹುಡುಗಿ: 101 ಗೋಲು ಹೊಡೆದ ತಂಡ ಲೀಗ್ ಗೆಲ್ಲಲಿಲ್ಲ ಅಂದ್ರೆ ಯಾರನ್ನ ಕೇಳಬೇಕು ಚಿಕ್ಕಪ್ಪ? 2013-14ರ ಲಿವರ್‌ಪೂಲ್ ಬಗ್ಗೆ ಹೇಳ್ತಿದ್ದೀನಿ. 38 ಪಂದ್ಯ ಆಡಿ 101 ಹೊಡೆದರು, 50 ಬಿಟ್ಟುಕೊಟ್ಟರು. ಪ್ರಶಸ್ತಿ ಗೆದ್ದ ಮ್ಯಾಂಚೆಸ್ಟರ್ ಸಿಟಿ 102 ಹೊಡೆದು 37 ಬಿಟ್ಟುಕೊಟ್ಟಿತು. ಹೊಡೆದದ್ದರಲ್ಲಿ ಒಂದೇ ಗೋಲಿನ ಅಂತರ, ಬಿಟ್ಟದ್ದರಲ್ಲಿ ಹದಿಮೂರು. ಆ ಹದಿಮೂರನ್ನ ನಾನು ಕೋಚ್ ಬ್ರೆಂಡನ್ ರಾಜರ್ಸ್ ಹೆಸರಿಗೆ ಬರೀತೀನಿ.

ಚಿಕ್ಕಪ್ಪ: ಬರಕೊ, ನಾನು ಸಹಿ ಹಾಕಲ್ಲ. ಕಾರ್ಖಾನೆ ತಂಡಕ್ಕೆ ಸ್ಟಾಪರ್ ಆಗಿ ಆಡಿದವನು ನಾನು. ನನ್ನ ಹೆಗಲ ಮೇಲಿಂದ ಎಗರಿ ಒಬ್ಬ ಹೆಡ್ ಮಾಡಿ ಗೋಲು ಹೊಡೆದ ಅಂದ್ರೆ ಅದು ನನ್ನ ತಪ್ಪು. ಗೆರೆಯಾಚೆ ನಿಂತ ಕೋಚ್ ಬಂದು ನನ್ನ ಬದಲು ನೆಗೆಯೋಕಾಗುತ್ತಾ? ಆ ವರ್ಷ ಡಿಫೆಂಡರ್ ಮಾರ್ಟಿನ್ ಸ್ಕರ್ಟೆಲ್ ಒಬ್ಬನೇ ನಾಲ್ಕು ಸಲ ತನ್ನ ಗೋಲಿಗೇ ಚೆಂಡು ಹಾಕಿದ. ವೆಸ್ಟ್ ಬ್ರಾಮ್ ಮೇಲೆ ಕೋಲೊ ಟೂರೆ ತನ್ನ ಗೋಲಿನ ಮುಂದೆಯೇ ಎದುರಾಳಿಯ ಕಾಲಿಗೆ ಪಾಸ್ ಕೊಟ್ಟ. ಗೆಲ್ಲಬೇಕಿದ್ದ ಪಂದ್ಯ 1-1 ಆಯ್ತು. ಇದನ್ನೆಲ್ಲ ರಾಜರ್ಸ್ ಹೇಳಿಕೊಟ್ಟಿದ್ದರಾ?

ಹುಡುಗಿ: ಅಂಥವನ್ನ ಆಟಗಾರರ ಲೆಕ್ಕಕ್ಕೇ ಹಾಕೋಣ. ಉಳಿದದ್ದು ನೋಡಿ. ಎವರ್ಟನ್ ಜೊತೆ 3-3. ಸ್ಟೋಕ್ ಮೇಲೆ 5-3. ಸ್ವಾನ್ಸಿ ಮೇಲೆ 4-3. ಕಾರ್ಡಿಫ್ ಮೇಲೆ 6-3. ಕಾರ್ಡಿಫ್ ಆ ವರ್ಷ ಕಟ್ಟಕಡೆಯ ಸ್ಥಾನಕ್ಕೆ ಬಿದ್ದು ಕೆಳದರ್ಜೆಗೆ ಹೋದ ತಂಡ. ಅವರಿಗೂ ಮೂರು ಗೋಲು ಬಿಟ್ಟುಕೊಡಬೇಕಾದರೆ ಅದು ಯಾರೋ ಒಬ್ಬನ ಕೈಕಾಲು ತಪ್ಪಿದ್ದಲ್ಲ. ಸ್ವಾನ್ಸಿ ಬಂದಾಗಲೂ, ಸ್ಟೋಕ್‌ಗೆ ಹೋದಾಗಲೂ ಚಿತ್ರ ಒಂದೇ. ಇಬ್ಬರು ಫುಲ್ ಬ್ಯಾಕ್‌ಗಳೂ ಮುಂದೆ ಹೋಗಿರ್ತಾರೆ, ಮಿಡ್‌ಫೀಲ್ಡಿನವರೂ ಚೆಂಡಿನ ಹಿಂದೆ ಓಡಿರ್ತಾರೆ, ಚೆಂಡು ಕಳೆದುಹೋದ ಕೂಡಲೇ ಇಬ್ಬರು ಸೆಂಟರ್ ಬ್ಯಾಕ್‌ಗಳು ಬಯಲಲ್ಲಿ ಒಂಟಿಯಾಗಿ ನಿಂತಿರ್ತಾರೆ. ಅವರ ಮುಂದೆ ಕಾವಲಿಗೆ ಇದ್ದವನು ಸ್ಟೀವನ್ ಜೆರಾರ್ಡ್. ಮೂವತ್ತಮೂರು ದಾಟಿದ, ಪಾಸ್ ಕೊಡೋದರಲ್ಲಿ ಅಸಾಧ್ಯ ಆಟಗಾರ, ಆದರೆ ಓಡಿಬರೋರನ್ನ ಬೆನ್ನಟ್ಟಿ ಹಿಡಿಯೋ ವಯಸ್ಸಲ್ಲ. ಆ ಜಾಗದಲ್ಲಿ ಅವನನ್ನ ನಿಲ್ಲಿಸಿದ್ದು ಯಾರು?

ಚಿಕ್ಕಪ್ಪ: ನಿಲ್ಲಿಸಿದ್ದು ಕೋಚೇ. ಆ ಜಾಗದಿಂದ ಅವನು ಕೊಟ್ಟ ಉದ್ದನೆ ಪಾಸ್‌ಗಳೇ ಫಾರ್ವರ್ಡ್‌ಗಳಾದ ಸುವಾರೆಸ್‌ಗೂ ಸ್ಟರಿಜ್‌ಗೂ ಸಿಕ್ಕಿದ್ದು. ಲೀಗಿನಲ್ಲಿ ಸುವಾರೆಸ್ 31, ಸ್ಟರಿಜ್ 21. ಎಲ್ಲಿಂದ ಬಂತು ಅಂದ್ಕೊಂಡೆ? ಆರ್ಸೆನಲ್ ಮೇಲೆ ಇಪ್ಪತ್ತೇ ನಿಮಿಷದಲ್ಲಿ ನಾಲ್ಕು ಗೋಲು ಹೊಡೆದಾಗ ನಿನಗೆ ಜೆರಾರ್ಡ್ ವಯಸ್ಸು ನೆನಪಾಗಲಿಲ್ಲ. ಫೆಬ್ರವರಿಯಿಂದ ಏಪ್ರಿಲ್ ತನಕ ಸಾಲಾಗಿ ಹನ್ನೊಂದು ಪಂದ್ಯ ಗೆದ್ದರು. ಹೊಡೆದದ್ದು 38, ಬಿಟ್ಟದ್ದು 15. ಆ 38ಕ್ಕೂ ಈ 15ಕ್ಕೂ ಖಾತೆ ಒಂದೇ ಕಣೇ. ಜಮಾ ಆದದ್ದು ಕೋಚ್‌ಗೆ ಸೇರುತ್ತೆ, ಖರ್ಚಾದದ್ದಕ್ಕೂ ಕೋಚೇ ಜವಾಬ್ದಾರ ಅಂತ ನೀನು ಹೇಳೋದಾದ್ರೆ ಸರಿ, ಒಪ್ತೀನಿ. ಆದರೆ ಜಮಾ ಪುಟ ಹರಿದುಹಾಕಿ ಖರ್ಚಿನ ಪುಟ ಮಾತ್ರ ತೋರಿಸಬೇಡ.

ಹುಡುಗಿ: ಹರಿದುಹಾಕಲ್ಲ. ಆದರೆ ಕೆಲವು ದಿನ ಖರ್ಚು ಮಾಡಬೇಕಾಗೇ ಇರಲಿಲ್ಲ. ಏಪ್ರಿಲ್ 27, ಆನ್‌ಫೀಲ್ಡ್‌ನಲ್ಲಿ ಚೆಲ್ಸಿ ಮೇಲಿನ ಪಂದ್ಯ. ಲಿವರ್‌ಪೂಲ್‌ಗೆ ಡ್ರಾ ಆದರೂ ನಷ್ಟವಿರಲಿಲ್ಲ. ಚೆಲ್ಸಿ ಕೋಚ್ ಮೊರಿನ್ಯೊ ತನ್ನ ತಂಡವನ್ನ ಗೋಲಿನ ಮುಂದೆ ಗೋಡೆ ಕಟ್ಟಿದ ಹಾಗೆ ನಿಲ್ಲಿಸಿದ್ದ. ಮೊದಲರ್ಧ ಮುಗಿಯೋ ಹೊತ್ತಿಗೆ ಜೆರಾರ್ಡ್ ಕಾಲು ಜಾರಿತು, ಡೆಂಬಾ ಬಾ ಚೆಂಡು ಎತ್ತಿಕೊಂಡು ಹೋಗಿ ಗೋಲು ಹೊಡೆದ.

ಚಿಕ್ಕಪ್ಪ: ಅದಕ್ಕೂ ಕೋಚೇ ಕಾರಣ ಅಂತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲವನ್ನೂ ಬಿಟ್ಟು ಕುಣಿಯೋದು ಕಲಿಸಿದ ಮೇಷ್ಟ್ರನ್ನ ಹಿಡ್ಕೊಂಡಿದ್ದೀಯ.

ಹುಡುಗಿ: ಕಾಲು ಜಾರಿದ್ದು ಜೆರಾರ್ಡ್‌ದು, ಅದು ದುರದೃಷ್ಟ. ಆದರೆ ಜಾರಿದಾಗ ಅವನ ಹಿಂದೆ ಒಬ್ಬರೂ ಇರಲಿಲ್ಲ. ಸೆಂಟರ್ ಬ್ಯಾಕ್‌ಗಳು ಆಚೆ ಈಚೆ ಅಗಲವಾಗಿ ಹರಡಿಕೊಂಡಿದ್ದರು, ಮಧ್ಯದಲ್ಲಿ ಜೆರಾರ್ಡೇ ಕೊನೆಯವನು. ತಂಡ ದಾಳಿ ಮಾಡುವಾಗ ಹಿಂದೆ ಎಷ್ಟು ಜನ ಉಳೀಬೇಕು, ಎಲ್ಲಿ ಉಳೀಬೇಕು ಅನ್ನೋದು ವಾರವೆಲ್ಲ ಮೈದಾನದಲ್ಲಿ ಅಭ್ಯಾಸ ಮಾಡಿಸೋ ವಿಷಯ. ಒಬ್ಬನ ಕಾಲು ಜಾರಿದ್ರೆ ಇನ್ನೊಬ್ಬ ಇರಬೇಕು. ಇನ್ನೊಬ್ಬ ಇರದ ಹಾಗೆ ಜೋಡಿಸಿದ್ದು ಕೋಚ್.

ಚಿಕ್ಕಪ್ಪ: ಹ್ಞೂಂ. ಇದರಲ್ಲಿ ಹುರುಳಿದೆ. ನಾನು ಆಡುವಾಗಲೂ ಮುಂದೆ ಹೋದ ಫುಲ್ ಬ್ಯಾಕ್ ವಾಪಸ್ ಬರದೇ ಇದ್ರೆ ಬೈಸಿಕೊಳ್ಳೋನು ಸ್ಟಾಪರ್ರೇ. ಎಲ್ಲರಿಗೂ ಕೊನೆಯಲ್ಲಿ ಕಾಣೋನು ಅವನೇ ಅಲ್ವಾ?

ಹುಡುಗಿ: ಅದಕ್ಕೇ ನಾನು ಹೇಳೋದು, ಕೊನೆಯಲ್ಲಿ ಕಂಡವನ ತಲೆಗೆ ಕಟ್ಟಬೇಡಿ ಅಂತ. 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತನ್ನ ಮನೆಯಲ್ಲೇ, ಮರಕಾನದಲ್ಲಿ, ಉರುಗ್ವೆಗೆ 2-1ರಿಂದ ಸೋತಿತು. ಉರುಗ್ವೆಯ ಘಿಗ್ಗಿಯ ಹೊಡೆದ ಗೋಲು ಬ್ರೆಜಿಲ್ ಗೋಲಿ ಬಾರ್ಬೊಸಾ ಮತ್ತು ಕಂಬದ ನಡುವೆ ಹೋಯ್ತು. ಬಾರ್ಬೊಸಾ ತೀರಿಕೊಂಡದ್ದು 2000ದಲ್ಲಿ. ಅರ್ಧ ಶತಮಾನ ಆ ಗೋಲಿನ ಅಪವಾದ ಹೊತ್ತುಕೊಂಡೇ ಬದುಕಿದ. ಘಿಗ್ಗಿಯ ಅದೇ ಬಲಗಡೆಯಿಂದ ಸ್ವಲ್ಪ ಹೊತ್ತಿನ ಮುಂಚೆ ಓಡಿಬಂದು ಮೊದಲ ಗೋಲಿಗೆ ಚೆಂಡು ಕೊಟ್ಟಿದ್ದ. ಆ ದಾರಿ ಯಾಕೆ ಮುಚ್ಚಲಿಲ್ಲ ಅಂತ ಕೇಳಿದವರು ಕಡಿಮೆ, ಗೋಲಿಯನ್ನ ಬೈದವರು ಇಡೀ ದೇಶ.

ಚಿಕ್ಕಪ್ಪ: 2014ರ ವಿಶ್ವಕಪ್‌ನಲ್ಲಿ ಹಾಗಾಗಲಿಲ್ಲ ನೋಡು. ಜರ್ಮನಿ 7-1 ಹೊಡೆದ ದಿನ ಬ್ರೆಜಿಲ್ ಕೋಚ್ ಸ್ಕೊಲಾರಿ ಎದುರಿಗೆ ಬಂದು ಹೊಣೆ ನನ್ನದು ಅಂತ ಒಪ್ಪಿಕೊಂಡರು. ಡಿಫೆಂಡರ್ ಡೇವಿಡ್ ಲೂಯಿಸ್ ಕಂಡಕಂಡಲ್ಲಿ ಓಡಾಡಿದ್ದ, ಕ್ಯಾಪ್ಟನ್ ಥಿಯಾಗೊ ಸಿಲ್ವಾ ನಿಷೇಧದಿಂದ ಹೊರಗಿದ್ದ, ನೇಮಾರ್ ಬೆನ್ನು ಮುರಿದುಕೊಂಡಿದ್ದ. ಹೇಳೋಕೆ ನೆಪ ಬೇಕಾದಷ್ಟಿತ್ತು. ಅವರು ಯಾವುದರ ಹಿಂದೆಯೂ ಅವಿತುಕೊಳ್ಳಲಿಲ್ಲ.

ಹುಡುಗಿ: ಒಪ್ಪಿಕೊಂಡದ್ದು ದೊಡ್ಡತನ. ಆದರೆ ಹೊಣೆ ಒಪ್ಪಿಕೊಳ್ಳೋದು ಬೇರೆ, ಆ ಹೊಣೆ ಯಾವುದಕ್ಕೆ ಅಂತ ಬಿಡಿಸಿ ಹೇಳೋದು ಬೇರೆ. 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು ಬಂತು. ನೇಮಾರ್, ಸಿಲ್ವಾ ಇಬ್ಬರೂ ಇಲ್ಲ ಅಂತ ಪಂದ್ಯಕ್ಕೆ ಮೊದಲೇ ಗೊತ್ತಿತ್ತು. ಹಾಗಿದ್ದೂ ಮಿಡ್‌ಫೀಲ್ಡಿಗೆ ಇನ್ನೊಬ್ಬನನ್ನ ಸೇರಿಸಿ ನಡುಭಾಗ ಗಟ್ಟಿ ಮಾಡದೆ, ನೇಮಾರ್ ಬದಲಿಗೆ ಬರ್ನಾರ್ಡ್ ಅನ್ನೋ ವಿಂಗರ್‌ನನ್ನ ಇಳಿಸಿದರು. ಬದಲಾವಣೆ ಮಾಡಿದ್ದು ವಿರಾಮದಲ್ಲಿ, ಅಷ್ಟೊತ್ತಿಗೆ 5-0. ಕೋಚ್ ಉತ್ತರ ಕೊಡಬೇಕಾದದ್ದು ಈ ಎರಡು ತೀರ್ಮಾನಗಳಿಗೆ.

ಚಿಕ್ಕಪ್ಪ: ಸರಿ, ನಿನ್ನ ಲಿವರ್‌ಪೂಲ್‌ಗೇ ವಾಪಸ್ ಬರೋಣ. ಕ್ರಿಸ್ಟಲ್ ಪ್ಯಾಲೆಸ್ ಪಂದ್ಯದ ಬಗ್ಗೆ ಏನು ಹೇಳ್ತೀಯ? ನಮ್ಮಲ್ಲಿ ಮಧ್ಯರಾತ್ರಿ ಹನ್ನೆರಡೂವರೆಗೆ ಶುರುವಾದದ್ದು. 3-0 ಮುಂದಿದ್ದರು, ಹನ್ನೊಂದು ನಿಮಿಷ ಬಾಕಿ. 79, 81, 88. ಮೂರೂ ಹೋಯ್ತು. ಸುವಾರೆಸ್ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಪ್ರಶಸ್ತಿ ಅಲ್ಲೇ ಕೈಬಿಟ್ಟಿತು ಅಂತ ಎಲ್ಲರೂ ಹೇಳ್ತಾರೆ.

ಹುಡುಗಿ: ಎಲ್ಲರೂ ಹೇಳೋದನ್ನ ಕೂಡಿ ಕಳೆದು ನೋಡಿ. ಆ ರಾತ್ರಿ ಆಟ ಶುರುವಾಗೋ ಮೊದಲು ಸಿಟಿ, ಲಿವರ್‌ಪೂಲ್ ಎರಡಕ್ಕೂ 36 ಪಂದ್ಯಗಳಿಂದ 80 ಅಂಕ. ಗೋಲು ವ್ಯತ್ಯಾಸದಲ್ಲಿ ಸಿಟಿ ಒಂಬತ್ತು ಮುಂದೆ. ಸಿಟಿ ಉಳಿದ ಎರಡನ್ನೂ ಗೆದ್ದು 86 ಅಂಕಕ್ಕೆ ಹೋಯ್ತು, ವ್ಯತ್ಯಾಸ 65. ಲಿವರ್‌ಪೂಲ್ ಪ್ಯಾಲೆಸ್ ಮೇಲೆ 3-0 ಉಳಿಸಿಕೊಂಡಿದ್ದರೂ 86 ಅಂಕವೇ ಆಗ್ತಿತ್ತು, ವ್ಯತ್ಯಾಸ ಮಾತ್ರ 54. ಪ್ರಶಸ್ತಿ ಆಗಲೂ ಸಿಟಿಯದೇ. ಪ್ಯಾಲೆಸ್‌ನಲ್ಲಿ ಕಳೆದದ್ದು ಎರಡು ಅಂಕ. ಪ್ರಶಸ್ತಿ ಕಳೆದದ್ದು ಆಗಸ್ಟ್‌ನಿಂದ ಮೇ ತನಕ, ಪಂದ್ಯಕ್ಕೊಂದು ಎರಡು ಗೋಲು ಸೋರಿಕೊಂಡೇ ಬಂದದ್ದರಿಂದ.

ಚಿಕ್ಕಪ್ಪ: ಪ್ಯಾಲೆಸ್‌ನಲ್ಲಿ 3-0 ಆದ ಮೇಲೂ ಮುಂದೆ ನುಗ್ಗಿದ್ದಕ್ಕೆ ಕಾರಣವೂ ಅದೇ ಅಲ್ವಾ? ಆ ಒಂಬತ್ತು ಗೋಲಿನ ಅಂತರ ತುಂಬಬೇಕಿತ್ತು. ಮೊದಲೇ ಸೋರಿದ್ದಕ್ಕೆ ಕೊನೆಯಲ್ಲಿ ನುಗ್ಗಬೇಕಾಯ್ತು, ನುಗ್ಗಿದ್ದಕ್ಕೆ ಮತ್ತೆ ಸೋರಿತು.

ಹುಡುಗಿ: ಈಗ ನೀವು ನನ್ನ ಕಡೆ ಬಂದ್ರಿ ಚಿಕ್ಕಪ್ಪ.

ಚಿಕ್ಕಪ್ಪ: ಅರ್ಧ ದಾರಿ ಬಂದಿದ್ದೀನಿ. ಇನ್ನರ್ಧಕ್ಕೆ ನನ್ನ ತಕರಾರು ಕೇಳು. ಕೋಚ್ ಆಡಿಸೋದು ಕೈಯಲ್ಲಿರೋರನ್ನ. ಆ ಕಾಲಕ್ಕೆ ಲಿವರ್‌ಪೂಲ್‌ನಲ್ಲಿ ಆಟಗಾರರನ್ನ ಕೊಳ್ಳೋಕೆ ಒಂದು ಸಮಿತಿ ಇತ್ತು. ರಾಜರ್ಸ್ ಅದರಲ್ಲಿ ಒಬ್ಬರು ಅಷ್ಟೇ. ಸ್ಕರ್ಟೆಲ್, ಟೂರೆ, ಸಾಖೊ, ಗಾಯಾಳು ಆಗರ್ ಇವರನ್ನ ಇಟ್ಟುಕೊಂಡು ಕಲ್ಲಿನ ಕೋಟೆ ಕಟ್ಟು ಅಂದ್ರೆ ಹೇಗೆ ಕಟ್ಟೋದು? ಕೋಚ್ ಅರಿಗೊ ಸಾಕಿಯ ಮಿಲಾನ್ 1987-88ರಲ್ಲಿ 30 ಪಂದ್ಯದಲ್ಲಿ 14 ಗೋಲು ಮಾತ್ರ ಬಿಟ್ಟುಕೊಟ್ಟಿತು ಅಂತ ಎಲ್ಲರೂ ಸಾಕಿಯನ್ನ ಹೊಗಳ್ತಾರೆ. ಬರೇಸಿ, ಮಾಲ್ಡೀನಿಯಂಥ ಡಿಫೆಂಡರ್‌ಗಳು ಇದ್ದಾಗ ಯಾವ ಕೋಚ್‌ನ ತಂಡವೂ ಗೋಲು ಬಿಡಲ್ಲ.

ಹುಡುಗಿ: ಬರೇಸಿ ಅಲ್ಲಿ ಸಾಕಿ ಬರೋಕೆ ಎಷ್ಟೋ ಮೊದಲಿಂದ ಇದ್ದ. 1982ರಲ್ಲಿ ಮಿಲಾನ್ ಕೆಳದರ್ಜೆಗೆ ಇಳಿದಾಗಲೂ ಇದ್ದ. ಸಾಕಿ ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ, ಚಪ್ಪಲಿ ಬೂಟು ಮಾರೋ ಕೆಲಸದಲ್ಲಿದ್ದವರು. ಅವರು ತಂದದ್ದು ಒಂದು ಕ್ರಮ. ಚೆಂಡೇ ಇಲ್ಲದೆ ಹನ್ನೊಂದು ಜನರನ್ನ ಮೈದಾನದಲ್ಲಿ ನಡೆಸೋರು. ಚೆಂಡು ಇಲ್ಲಿದೆ ಅಂತ ತೋರಿಸಿದ್ರೆ ಎಲ್ಲರೂ ಒಟ್ಟಿಗೆ ಆ ಕಡೆ ಸರೀಬೇಕು. ಕೊನೆಯ ಡಿಫೆಂಡರ್‌ಗೂ ಮುಂದಿನ ಫಾರ್ವರ್ಡ್‌ಗೂ ಸುಮಾರು 25 ಮೀಟರ್ ಅಂತರ ಇರಬೇಕು. ಗೋಲಿ ಮತ್ತು ನಾಲ್ವರು ಡಿಫೆಂಡರ್‌ಗಳನ್ನ ಒಂದು ಕಡೆ ನಿಲ್ಲಿಸಿ, ಎದುರಿಗೆ ಹುಲ್ಲಿತ್, ವಾನ್ ಬಾಸ್ಟನ್ ಸೇರಿ ಹತ್ತು ಜನರನ್ನ ಬಿಟ್ಟು, ಹೊಡೀರಿ ನೋಡೋಣ ಅನ್ನೋರಂತೆ. ಹತ್ತು ಜನಕ್ಕೂ ಗೋಲು ಹೊಡೆಯೋಕಾಗ್ತಿರಲಿಲ್ಲ ಅಂತ ಸಾಕಿ ಹೇಳಿಕೊಂಡಿದ್ದಾರೆ. ಬರೇಸಿ ಒಳ್ಳೆ ಆಟಗಾರ, ನಿಜ. ಬರೇಸಿ ಎಲ್ಲಿ ನಿಲ್ಲಬೇಕು ಅನ್ನೋದು ಸಾಕಿಯದು.

ಚಿಕ್ಕಪ್ಪ: ಸರಿ. ಹಾಗಾದ್ರೆ ಕ್ಲಾಪ್ ವಿಷಯಕ್ಕೆ ಬಾ. 2015ರ ಅಕ್ಟೋಬರ್‌ನಲ್ಲಿ ರಾಜರ್ಸ್ ಹೋದರು, ಯೂರ್ಗನ್ ಕ್ಲಾಪ್ ಬಂದರು. ಕ್ಲಬ್ ಅದೇ, ಮಾಲೀಕರು ಅವರೇ. ಕ್ಲಾಪ್ ಬಂದ ವರ್ಷವೂ ಬಿಟ್ಟದ್ದು 50. ಆಮೇಲೆ 42, ಆಮೇಲೆ 38. 2017ರ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಟಾಟನಮ್ 4-1 ಹೊಡೆದಾಗ ಡಿಫೆಂಡರ್ ಲೊವ್ರೆನ್‌ನನ್ನ 31ನೇ ನಿಮಿಷಕ್ಕೇ ಹೊರಗೆ ಕರೆದರು. ಮುಂದಿನ ತಿಂಗಳು ಸೆವಿಯ್ಯಾದಲ್ಲಿ 3-0 ಮುಂದಿದ್ದು 3-3 ಮಾಡಿಕೊಂಡರು, ಥೇಟ್ ಪ್ಯಾಲೆಸ್. 2018ರ ಜನವರಿಯಲ್ಲಿ 7.5 ಕೋಟಿ ಪೌಂಡ್ ಕೊಟ್ಟು ಡಿಫೆಂಡರ್ ವಾನ್ ಡೈಕ್‌ನನ್ನ ತಂದರು, ಆ ಬೇಸಿಗೆಯಲ್ಲಿ ಗೋಲಿ ಅಲಿಸನ್‌ನನ್ನ ತಂದರು. 2018-19ರಲ್ಲಿ ಬಿಟ್ಟದ್ದು ಬರೀ 22. ಕೋಚ್ ಅದೇ ಕೋಚ್, ಬದಲಾದದ್ದು ಆಟಗಾರರು. ಇದಕ್ಕೇನಂತೀಯ?

ಹುಡುಗಿ: ವಾನ್ ಡೈಕ್ ಇಲ್ಲದೆ 22 ಆಗ್ತಿರಲಿಲ್ಲ, ಒಪ್ತೀನಿ. ಆದರೆ 2017ರ ಬೇಸಿಗೆಯಲ್ಲಿ ಅವನು ಸಿಗದೇ ಇದ್ದಾಗ ಕ್ಲಾಪ್ ಬೇರೆ ಯಾರನ್ನೋ ತಂದು ಜಾಗ ತುಂಬಲಿಲ್ಲ, ಆರು ತಿಂಗಳು ಕಾದರು. ಆ ಆರು ತಿಂಗಳಲ್ಲಿ ಸೋರಿದ್ದಕ್ಕೂ ಅವರೇ ಹೊಣೆ, ಆಮೇಲೆ ನಿಂತದ್ದಕ್ಕೂ ಅವರೇ. ವಾನ್ ಡೈಕ್ ಮುಂದೆ ಫ್ಯಾಬಿನ್ಯೊನ ಕಾವಲು ಬಂತು. ಫಾರ್ವರ್ಡ್‌ಗಳಾದ ಸಲಾ, ಮಾನೆ, ಫರ್ಮಿನೊ ಚೆಂಡು ಕಳಕೊಂಡ ಜಾಗದಲ್ಲೇ ಮುಗಿಬಿದ್ದು ಕಿತ್ಕೊಳ್ಳೋರು. ಎದುರಾಳಿ ಚೆಂಡು ಹಿಡಿದು ತಲೆ ಎತ್ತಿ ನೋಡೋಷ್ಟರಲ್ಲಿ ಇಬ್ಬರು ಮೇಲೆ ಬಿದ್ದಿದ್ದರೆ ವಾನ್ ಡೈಕ್ ತನಕ ಬರೋ ಪಾಸ್‌ಗಳೇ ಕಡಿಮೆ. ರಾಜರ್ಸ್ ತಂಡದಲ್ಲೂ ಒಳ್ಳೆ ದಿನಗಳಲ್ಲಿ ಆ ಮುಗಿಬೀಳೋದು ಇತ್ತು. ಅದು ತಪ್ಪಿದ ದಿನ ಹಿಂದೆ ಏನು ಮಾಡಬೇಕು ಅನ್ನೋದು ಇರಲಿಲ್ಲ.

ಚಿಕ್ಕಪ್ಪ: 2020ರಲ್ಲಿ ಆಸ್ಟನ್ ವಿಲ್ಲಾ 7-2 ಹೊಡೆದದ್ದು ಮರೆತೆಯಾ? ವಾನ್ ಡೈಕ್ ಮೈದಾನದಲ್ಲೇ ಇದ್ದ. ಡಿಫೆನ್ಸ್ ಸಾಲು ಅರ್ಧ ಮೈದಾನದ ತನಕ ಏರಿ ನಿಂತಿತ್ತು, ವಾಟ್ಕಿನ್ಸ್ ಹಿಂದಿನಿಂದ ಓಡಿ ಓಡಿ ಮೂರು ಹೊಡೆದ.

ಹುಡುಗಿ: ಮರೆತಿಲ್ಲ, ಅದೇ ನನ್ನ ಉತ್ತಮ ಸಾಕ್ಷಿ. ಅದೇ ಏರಿದ ಸಾಲಿನಿಂದಲೇ ಹಿಂದಿನ ಋತುವಿನಲ್ಲಿ, 30 ವರ್ಷದ ಮೇಲೆ, ಲೀಗ್ ಗೆದ್ದಿದ್ದರು. ವಿಲ್ಲಾದಲ್ಲಿ ಮುಂದಿನವರು ಮುಗಿಬೀಳಲಿಲ್ಲ, ಹಿಂದಿನವರು ಏರಿಯೇ ನಿಂತರು. ಎರಡರಲ್ಲಿ ಒಂದು ತಪ್ಪಿದ್ರೂ ಏಳು ಗೋಲು. ಎರಡು ವಾರದಲ್ಲಿ ಎವರ್ಟನ್ ಮೇಲೆ ವಾನ್ ಡೈಕ್ ಮಂಡಿಗೆ ಪೆಟ್ಟು ಬಿತ್ತು, ಋತುವೇ ಮುಗಿದುಹೋಯ್ತು. ಉಳಿದ ಸೆಂಟರ್ ಬ್ಯಾಕ್‌ಗಳಲ್ಲಿ ಗೋಮೆಸ್ ಗಾಯವಾಗಿ ಬಿದ್ದ, ಮಾತಿಪ್ ಬಿದ್ದ. ಮಿಡ್‌ಫೀಲ್ಡಿನ ಫ್ಯಾಬಿನ್ಯೊ, ಹೆಂಡರ್ಸನ್ ಇಬ್ಬರನ್ನೂ ಹಿಂದಕ್ಕೆ ಎಳೆದರು. ಹಿಂದೆ ಜಾಗ ತುಂಬಿತು, ಮುಂದೆ ಕಾವಲು ಹೋಯ್ತು. ಮನೆಯಲ್ಲೇ ಸಾಲಾಗಿ ಆರು ಪಂದ್ಯ ಸೋತರು.

ಚಿಕ್ಕಪ್ಪ: ನೋಡು, ಆಟಗಾರರಿಲ್ಲದಿದ್ರೆ ಕೋಚ್ ಏನು ಮಾಡ್ತಾನೆ ಅಂತ ನಾನು ಹೇಳಿದ್ದು ಅದನ್ನೇ.

ಹುಡುಗಿ: ಪೂರ್ತಿ ಕೇಳಿ. ಆಮೇಲೆ ಫ್ಯಾಬಿನ್ಯೊನನ್ನ ಮಿಡ್‌ಫೀಲ್ಡಿಗೇ ಕಳಿಸಿದರು. ಕೊನೆಕೊನೆಗೆ ಹಿಂದೆ ನ್ಯಾಟ್ ಫಿಲಿಪ್ಸ್, ರೈಸ್ ವಿಲಿಯಮ್ಸ್ ಅನ್ನೋ ಇಬ್ಬರನ್ನ ನಿಲ್ಲಿಸಿದರು. ದೊಡ್ಡ ಹೆಸರಲ್ಲ, ಓಟವೂ ಹೆಚ್ಚಿಲ್ಲ. ಡಿಫೆನ್ಸ್ ಮುಂದೆ ಕಾವಲು ಸರಿಹೋದ ಮೇಲೆ ಕೊನೆಯ ಹತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೂರನೇ ಸ್ಥಾನಕ್ಕೆ ಬಂದರು. ಕೋಚ್ ಮಾಡಿದ ತಪ್ಪೂ ಅಲ್ಲೇ ಇದೆ, ತಿದ್ದಿದ್ದೂ ಅಲ್ಲೇ ಇದೆ. ತಿದ್ದೋಕೆ 7.5 ಕೋಟಿ ಪೌಂಡ್ ಬೇಕಾಗಲಿಲ್ಲ.

ಚಿಕ್ಕಪ್ಪ: ಇದು ನನಗೆ ಹಿಡಿಸಿತು. ಡಿಫೆಂಡರ್ ಚಿಕ್ಕವನಾದರೂ ಮುಂದೆ ಆಸರೆ ಇದ್ರೆ ಆಡ್ತಾನೆ. ನಾನು ಆಡಿದ್ದೂ ಹಾಗೇ. ಹಾಗಾದ್ರೆ ರಾಜರ್ಸ್ ಮೇಲಿನ ನಿನ್ನ ದೂರು ಇಷ್ಟೇ ತಾನೆ: ಸೋರೋದು ಕಂಡ ಮೇಲೂ ತಿದ್ದಲಿಲ್ಲ ಅಂತ?

ಹುಡುಗಿ: ಇಷ್ಟೇ. ಅದಕ್ಕೆ ಮುಂದಿನ ವರ್ಷದ ಅಂಕಿ ನೋಡಿ. 2014ರ ಬೇಸಿಗೆಯಲ್ಲಿ ಸುವಾರೆಸ್ ಬಾರ್ಸಿಲೋನಾಕ್ಕೆ ಹೋದ. ಸ್ಟರಿಜ್ ಗಾಯದಿಂದ ಹೆಚ್ಚು ಆಡಲೇ ಇಲ್ಲ. ಡಿಫೆನ್ಸ್‌ಗೆ ಅಂತ ಎರಡು ಕೋಟಿ ಪೌಂಡ್‌ಗೆ ಲೊವ್ರೆನ್‌ನನ್ನ ತಂದರು. 2014-15ರಲ್ಲಿ ಹೊಡೆದ ಗೋಲು 101ರಿಂದ 52ಕ್ಕೆ ಇಳಿಯಿತು. ಬಿಟ್ಟದ್ದು 50ರಿಂದ 48. ಆರನೇ ಸ್ಥಾನ. ಕೊನೆಯ ಪಂದ್ಯ, ಜೆರಾರ್ಡ್ ಲಿವರ್‌ಪೂಲ್‌ಗೆ ಆಡಿದ ಕಟ್ಟಕಡೆಯ ಪಂದ್ಯ, ಸ್ಟೋಕ್ 6-1 ಹೊಡೆಯಿತು. ಅರ್ಧ ಆಟಕ್ಕೇ 5-0.

ಚಿಕ್ಕಪ್ಪ: ಜಮಾ ಅರ್ಧಕ್ಕೆ ಇಳಿದರೂ ಖರ್ಚು ಹಾಗೇ ಉಳೀತು ಅನ್ನು.

ಹುಡುಗಿ: ಹೌದು. 101 ಹೊಡೆಯೋ ತಂಡ 50 ಬಿಟ್ಟರೆ ಅದು ಗೊತ್ತಿದ್ದೂ ಮಾಡಿದ ವ್ಯಾಪಾರ ಅಂತ ಹೇಳಬಹುದು. ಒಂದು ವರ್ಷ ಆ ವ್ಯಾಪಾರ ಗೆಲುವಿನ ಹೊಸಿಲ ತನಕ ತಂತು. 52 ಹೊಡೆಯೋ ತಂಡ 48 ಬಿಟ್ಟರೆ ಅದು ವ್ಯಾಪಾರವೂ ಅಲ್ಲ. ಸುವಾರೆಸ್ ಹೋದದ್ದು ರಾಜರ್ಸ್ ತಪ್ಪಲ್ಲ. ಲೊವ್ರೆನ್‌ನನ್ನ ತಂದದ್ದು ಅವರೊಬ್ಬರದೇ ತೀರ್ಮಾನವೂ ಅಲ್ಲ. ಆದರೆ ಸುವಾರೆಸ್ ಇಲ್ಲದ ತಂಡ ಸುವಾರೆಸ್ ಇದ್ದಾಗಿನಷ್ಟೇ ಸೋರಿತು ಅಂದ್ರೆ, ಗೋಲು ಹೊಡೆಯೋರು ಹೋದ ಮೇಲೆ ಗೋಲು ತಡೆಯೋದನ್ನ ಕಲಿಸಬೇಕಿತ್ತು ಅನ್ನೋ ಮಾತು ಕೋಚ್‌ಗೇ ಹೋಗಿ ತಗಲುತ್ತೆ.

ಚಿಕ್ಕಪ್ಪ: ಅದಾಗಿ ನಾಲ್ಕು ತಿಂಗಳಿಗೆ ಕ್ಲಬ್ ಅವರನ್ನ ತೆಗೆದುಹಾಕಿತು. ಅದೂ ಸರಿಯಾ?

ಹುಡುಗಿ: ತೆಗೆದದ್ದಕ್ಕೆ ಕಾರಣ ಹತ್ತಿರಬಹುದು, ಅದು ಕ್ಲಬ್ಬಿನ ವಿಚಾರ. ಕ್ಲಾಪ್‌ಗೂ ಮೊದಲ ವರ್ಷ 50 ಆಯ್ತು ಅಂತ ನೀವೇ ಹೇಳಿದ್ರಿ. ಅವರನ್ನ ಯಾರೂ ಕಳಿಸಲಿಲ್ಲ. 50, 42, 38, 22 ಅಂತ ವರ್ಷವರ್ಷ ಇಳಿದದ್ದು ಕಾಣಿಸ್ತಿತ್ತು. ಹೊಣೆ ಅಂದ್ರೆ ಕೂಡಲೇ ಕೆಲಸದಿಂದ ಕಿತ್ತುಹಾಕೋದು ಅಂತ ನಾನು ತಿಳ್ಕೊಂಡಿಲ್ಲ. ಹೊಣೆ ಹೊತ್ತವನು ತಿದ್ದೋಕೆ ಒಂದು ಋತು ಕೇಳಬಹುದು. ಆ ಋತು ಮುಗಿದ ಮೇಲೆ ಲೆಕ್ಕ ತೋರಿಸಬೇಕು.

ಚಿಕ್ಕಪ್ಪ: ನನ್ನ ಕಡೆಯ ಮಾತು ಹೇಳ್ತೀನಿ, ಬರಕೊ. ಕಾಲು ಜಾರೋದು, ಕೊಡಬಾರದ ಪಾಸ್ ಕೊಡೋದು, ತನ್ನ ಗೋಲಿಗೇ ಚೆಂಡು ಹಾಕೋದು ಆಟಗಾರನದು. ಅದಕ್ಕೆ ಕೋಚ್‌ನ ಕೊರಳಪಟ್ಟಿ ಹಿಡಿಯೋದು ಅನ್ಯಾಯ. 2013-14ರ 50 ಗೋಲಿಗೂ ನಾನು ರಾಜರ್ಸ್ ಅವರನ್ನ ದೂರಲ್ಲ. ಆ ಆಟ ನೋಡೋಕೆ ನಿದ್ದೆಗೆಟ್ಟವರಲ್ಲಿ ನಾನೂ ಒಬ್ಬ. ಆ ಗೋಲುಗಳ ಬೆಲೆ ನನಗೂ ಗೊತ್ತಿತ್ತು. 2014-15ರ 48ಕ್ಕೆ ಮಾತ್ರ ಅವರೇ ಹೊಣೆ. ಅಲ್ಲಿ ನಿನ್ನ ಜೊತೆ ಸಹಿ ಹಾಕ್ತೀನಿ.

ಹುಡುಗಿ: ನಾನೂ ಹದಿಮೂರರಲ್ಲಿ ಸ್ವಲ್ಪ ಹೊಡೆದುಹಾಕ್ತೀನಿ. ಸ್ಕರ್ಟೆಲ್‌ನ ನಾಲ್ಕು, ಟೂರೆಯ ಒಂದು, ಜೆರಾರ್ಡ್ ಜಾರಿದ್ದು ಕೋಚ್ ಹೆಸರಿಂದ ತೆಗೆದೆ. ಉಳಿದದ್ದು ಹಾಗೇ ಇರಲಿ. ಇನ್ನು ನಾವು ನೋಡುಗರು ಮಾಡಬೇಕಾದದ್ದು ಇಷ್ಟು: ತಂಡ ಸೋತ ರಾತ್ರಿ ಯಾರನ್ನ ಬೈಯೋಣ ಅಂತ ಹುಡುಕೋ ಮೊದಲು, ಹೋದ ತಿಂಗಳು ಗೋಲು ಬಂದ ದಾರಿಯಲ್ಲೇ ಈ ತಿಂಗಳೂ ಬಂತಾ ಅಂತ ನೋಡಬೇಕು. ಬೇರೆ ದಾರಿಯಲ್ಲಿ ಬಂದಿದ್ರೆ ಆಟಗಾರನನ್ನ ಕೇಳಿ. ಅದೇ ದಾರಿಯಲ್ಲಿ ಬಂದಿದ್ರೆ ಕೋಚ್‌ನನ್ನ ಕೇಳಿ, ಅವರು ಉತ್ತರ ಕೊಡಲೇಬೇಕು.